ಮೂರು ವಾರದ ವಿದೇಶ ಯಾರಪ್ಪನ ಆಸ್ತಿ?

ಕಾಲೇಜುಗಳ ಗೋಡೆಗಳ ಮೇಲೆ ಈಗ ಹೊಸ ನಮೂನೆಯ ಪೋಸ್ಟರುಗಳು. ಮೂರು ವಾರ ಲಂಡನ್ನಿನಲ್ಲಿ ಓದಿ ಬನ್ನಿ ಅಂತ ಒಂದು. ರಜೆಯಲ್ಲಿ ಜರ್ಮನಿಗೆ ಬನ್ನಿ ಅಂತ ಇನ್ನೊಂದು. ನಾಲ್ಕು ವಾರ, ಆರು ವಾರ, ಹೆಚ್ಚೆಂದರೆ ಎಂಟು ವಾರ. ಹೋಗಿ ಓದಿ ಒಂದು ಸರ್ಟಿಫಿಕೇಟು ಹಿಡಿದು ವಾಪಸ್ ಬಂದರೆ ಮುಂದೆ ಕೆಲಸ ಸಿಗುತ್ತಂತೆ, ಮನಸ್ಸು ವಿಶಾಲ ಆಗುತ್ತಂತೆ, ವಿಶ್ವಪ್ರಜೆ ಆಗಿಬಿಡ್ತೀವಂತೆ. ಪೋಸ್ಟರಿನಲ್ಲಿ ನಗು ದೊಡ್ಡದು. ಕೆಳಗೆ ಶುಲ್ಕದ ಅಕ್ಷರ ಸಣ್ಣದು. ಸಣ್ಣ ಅಕ್ಷರ ಯಾವತ್ತೂ ನಮ್ಮಂಥವರಿಗಾಗಿಯೇ ಬರೆದದ್ದು.

ನಮ್ಮಂಥವರು ಅಂದರೆ ಯಾರು? ಮನೆಯಲ್ಲಿ ಮೊದಲ ಸಲ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವರು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲಿನ ನೀರು ಸಾರು ಉಂಡು ಬೆಳೆದವರು. ಅಪ್ಪ ಹೆಬ್ಬೆಟ್ಟು ಒತ್ತಿದ ಅರ್ಜಿಯ ಮೇಲೆ ಅಪ್ಪನ ಹೆಸರನ್ನ ನಾವೇ ಬರೆದವರು. ನಾವು ಕೇಳೋದು ಇಷ್ಟೆ: ಈ ಮೂರು ವಾರದ ವಿದೇಶ ಯಾರಪ್ಪನ ಆಸ್ತಿ?

ಮೊದಲು ಲೆಕ್ಕ ನೋಡೋಣ. ಲೆಕ್ಕ ಗೊತ್ತಿಲ್ಲದೇ ಇದ್ದದ್ದಕ್ಕೇ ನಮ್ಮ ತಾತಂದಿರು ಜೀತಕ್ಕೆ ಬಿದ್ದದ್ದು.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಬೇಸಿಗೆ ಶಾಲೆ ನಡೆಯುತ್ತೆ. ಬಾಬಾಸಾಹೇಬರು 1916ರಲ್ಲಿ ಸೇರಿ, ಅರ್ಧಕ್ಕೆ ಬಿಟ್ಟು ಬಂದು, ಮತ್ತೆ ಹೋಗಿ 1923ರಲ್ಲಿ ಡಿ.ಎಸ್ಸಿ. ಪದವಿ ಗಳಿಸಿದ ಶಾಲೆಯೇ ಅದು. ಅಲ್ಲಿ ಮೂರು ವಾರದ ಒಂದು ಕೋರ್ಸಿಗೆ ಶುಲ್ಕ ನಮ್ಮ ರೂಪಾಯಿಯಲ್ಲಿ ಮೂರು ಲಕ್ಷ ದಾಟುತ್ತೆ. ಈಗ ಇತ್ತ ಬನ್ನಿ. 2025ರ ಏಪ್ರಿಲ್‌ನಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಆಯಿತು. ವರ್ಷಕ್ಕೆ ನೂರು ದಿನ ಕೆಲಸ ಸಿಕ್ಕಿತು, ಒಂದು ದಿನವೂ ತಪ್ಪಲಿಲ್ಲ, ಕೂಲಿ ಬಾಕಿ ಉಳೀಲಿಲ್ಲ ಅಂತಲೇ ಇಟ್ಟುಕೊಳ್ಳಿ: 37,000 ರೂಪಾಯಿ. ಎಂಟು ವರ್ಷ ಉಣ್ಣದೆ ಉಡದೆ ಕೂಡಿಟ್ಟರೆ 2,96,000. ಅಂದರೆ ಅವ್ವ ಎಂಟು ವರ್ಷ ಕೆರೆ ಮಣ್ಣು ಹೊತ್ತರೂ ಮಗಳ ಮೂರು ವಾರದ ಪಾಠದ ದುಡ್ಡು ಹುಟ್ಟೋದಿಲ್ಲ. ಇದರಲ್ಲಿ ವಿಮಾನದ ಟಿಕೆಟ್ಟು ಸೇರಿಲ್ಲ. ಮಲಗೋ ಕೋಣೆ ಸೇರಿಲ್ಲ. ಅಲ್ಲಿ ತಿನ್ನೋ ಅನ್ನ ಸೇರಿಲ್ಲ.

‘ದುಡ್ಡಿನ ಮಾತು ಬಿಡಿ, ಪ್ರತಿಭೆ ಇದ್ದವರಿಗೆ ಶುಲ್ಕ ಮಾಫಿ ಉಂಟಲ್ಲ’ ಅನ್ನೋರಿದ್ದಾರೆ. ಇರಲಿ, ಅದನ್ನೂ ನೋಡೋಣ. ನಮ್ಮ ಜೊತೆಗಾರ್ತಿಯೊಬ್ಬಳು ಯೂರೋಪಿನ ಒಂದು ವಿಶ್ವವಿದ್ಯಾಲಯದ ನಾಲ್ಕು ವಾರದ ತರಗತಿಗೆ ಆಯ್ಕೆಯಾದಳು. ಶುಲ್ಕ ಪೂರ್ತಿ ಮಾಫಿ. ಹಾಸ್ಟೆಲಿಗೆಲ್ಲ ಹಬ್ಬ. ಪಾಸ್‌ಪೋರ್ಟಿಗೆ 1,500 ರೂಪಾಯಿ ಎಲ್ಲರೂ ಸೇರಿ ಹಾಕಿದೆವು. ಟಿಕೆಟ್ಟಿಗೆ ಮೇಷ್ಟ್ರುಗಳು, ಸಂಘಟನೆಯ ಅಣ್ಣಂದಿರು ಚಂದಾ ಎತ್ತಿದರು. ಆಮೇಲೆ ವೀಸಾ. ಯೂರೋಪಿನ ಷೆಂಗೆನ್ ವೀಸಾಕ್ಕೆ 2024ರ ಜೂನ್‌ನಿಂದ 90 ಯೂರೋ. ಕೊಡದೇ ಹೋದರೂ ಆ ಹಣ ವಾಪಸ್ಸಿಲ್ಲ. 30,000 ಯೂರೋಗೆ ಕಡಿಮೆ ಇಲ್ಲದ ವಿಮೆ ಬೇಕು. ಇನ್ನು ಅಪ್ಪನ ಬ್ಯಾಂಕ್ ಲೆಕ್ಕ, ಅಪ್ಪನ ಆದಾಯ ತೆರಿಗೆಯ ಕಾಗದ, ಊರಿನಲ್ಲಿ ಇರೋ ಆಸ್ತಿಯ ಕಾಗದ. ಅವಳಪ್ಪ ಗಾರೆ ಕೆಲಸದವರು. ಅವರ ಪಾಸ್‌ಬುಕ್ಕಿನಲ್ಲಿ ಹಣ ಬಂದ ದಿನವೇ ಹೋಗಿರುತ್ತೆ. ಎರಡು ವಾರ ಕಳೆದ ಮೇಲೆ ಅಚ್ಚು ಹಾಕಿದ ಒಂದು ಕಾಗದ ಬಂತು. ಅದರಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದ್ದರು. ನೀವು ನಮ್ಮ ದೇಶ ಬಿಟ್ಟು ವಾಪಸ್ ಹೋಗ್ತೀರಿ ಅನ್ನೋದರ ಬಗ್ಗೆ ನಮಗೆ ಅನುಮಾನ ಇದೆ ಅಂತ ಅದರ ಅರ್ಥ.

ಗೆಳೆಯರೆ, ಆ ಚೌಕವನ್ನ ಸರಿಯಾಗಿ ಓದಿಕೊಳ್ಳಿ. ಊರಿನಲ್ಲಿ ಆಸ್ತಿ ಇದ್ದವನು ವಾಪಸ್ ಬರ್ತಾನೆ. ಆಸ್ತಿ ಇಲ್ಲದವಳು ಬರೋದಿಲ್ಲ. ಅವ್ವ ಇದ್ದಾಳೆ, ಪರೀಕ್ಷೆ ಇದೆ, ಕೇರಿ ಇದೆ, ಹಾಡೋಕೆ ತಂಡ ಇದೆ – ಇವು ಯಾವುವೂ ಆಸ್ತಿ ಅಲ್ಲ. ಸಾವಿರಾರು ವರ್ಷ ನಮಗೆ ನೆಲ ಸಿಗದಂತೆ ಮಾಡಿದ್ದು ಈ ದೇಶ. ನಿನಗೆ ನೆಲ ಇಲ್ಲ, ಆದ್ದರಿಂದ ಬಾಗಿಲು ತೆಗೆಯೋದಿಲ್ಲ ಅಂತ ಹೇಳಿದ್ದು ಆ ದೇಶ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲ; ಆದರೆ ಎಷ್ಟು ಚೆನ್ನಾಗಿ ಕೈ ಕುಲುಕಿದ್ದಾರೆ ನೋಡಿ!

ಸಮುದ್ರ ದಾಟೋ ವಿಷಯದಲ್ಲಿ ಈ ದೇಶದ ಮೇಲ್ಜಾತಿಗಳ ನಾಟಕ ಇವತ್ತಿನದಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅಂತ ಶಾಸ್ತ್ರ ಹೇಳಿದವರು ಅವರೇ. 1888ರಲ್ಲಿ ಗಾಂಧೀಜಿ ಲಂಡನ್ನಿಗೆ ಹೊರಟಾಗ ಮುಂಬಯಿಯಲ್ಲಿ ಅವರ ಜಾತಿಯವರೇ ಸಭೆ ಸೇರಿ ಬಹಿಷ್ಕಾರ ಹಾಕಿದರು. ಆ ದಡದಲ್ಲಿ ಬ್ಯಾರಿಸ್ಟರ್ ಪದವಿ, ಐ.ಸಿ.ಎಸ್. ಕೆಲಸ ಸಿಗುತ್ತೆ ಅಂತ ಗೊತ್ತಾದ ಮೇಲೆ ಶಾಸ್ತ್ರ ತಾನಾಗಿ ಸುಮ್ಮನಾಯ್ತು. ಪ್ರಾಯಶ್ಚಿತ್ತಕ್ಕೊಂದು ದಾರಿ ಹುಟ್ಟಿಕೊಂಡಿತು. ಇವತ್ತು ಅವರ ಮೊಮ್ಮಕ್ಕಳು ಸೆಮಿಸ್ಟರ್ ರಜೆಗೆ ಸಮುದ್ರ ದಾಟಿ ಬರ್ತಾರೆ. ಮನೆಯಲ್ಲಿ ಪೂಜೆ ಮಾಡಿ ಕಳಿಸ್ತಾರೆ.

ನಮ್ಮವರು ಸಮುದ್ರ ದಾಟಲಿಲ್ಲವಾ? ದಾಟಿದರು. 1860ರ ನವೆಂಬರಿನಲ್ಲಿ ‘ಟ್ರೂರೊ’ ಅನ್ನೋ ಹಡಗು ಮದರಾಸಿನಿಂದ ಆಫ್ರಿಕಾದ ಡರ್ಬನ್ನಿಗೆ ಮುಟ್ಟಿತು. ಅದರ ತುಂಬ ಒಪ್ಪಂದದ ಕೂಲಿಗಳು. ನಟಾಲಿನ ಕಬ್ಬಿನ ತೋಟ, ಮಾರಿಷಸ್, ಸಿಲೋನಿನ ಟೀ ತೋಟ, ಮಲಯದ ರಬ್ಬರ್ ತೋಟ – ಅಲ್ಲೆಲ್ಲ ಬೆನ್ನು ಬಾಗಿಸಿದವರಲ್ಲಿ ಕೇರಿಯ ಮಕ್ಕಳು ಎಷ್ಟು ಜನ! ಇಲ್ಲೇ ನಮ್ಮ ಕೋಲಾರವನ್ನೇ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗೆ ಕೈ ಹಾಕಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಧೂಳು ಕುಡಿದು, ಎದೆ ಕಲ್ಲಾಗಿ ಸತ್ತವರಲ್ಲಿ ಹೆಚ್ಚಿನವರು ನಮ್ಮವರೇ. ಅವರು ಅಗೆದ ಚಿನ್ನ ಹಡಗು ಹತ್ತಿ ಲಂಡನ್ನಿಗೆ ಹೋಯಿತು. ಅಗೆದವನು ಚಾಂಪಿಯನ್ ರೀಫಿನ ಲೈನ್ ಮನೆಯಲ್ಲೇ ಉಳಿದ. 2001ರಲ್ಲಿ ಗಣಿ ಮುಚ್ಚಿದರು. ಅವನ ಮೊಮ್ಮಗ ದಿನಾ ಬೆಳಿಗ್ಗೆ ರೈಲು ಹತ್ತಿ ಬೆಂಗಳೂರಿಗೆ ಕೂಲಿಗೆ ಬರ್ತಾನೆ. ನಮ್ಮ ಬೆವರು ಲಂಡನ್ ನೋಡಿದೆ, ನಾವು ನೋಡಿಲ್ಲ.

ಹೋದರೆ ಏನಾಗುತ್ತೆ ಅನ್ನೋದಕ್ಕೆ ಸಾಕ್ಷಿ ಬೇಕಾ? 1913ರಲ್ಲಿ 22 ವರ್ಷದ ಭೀಮರಾವ್ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. ತಿಂಗಳಿಗೆ 11.5 ಪೌಂಡು, ಮೂರು ವರ್ಷ. 1916ರ ಮೇ ತಿಂಗಳಲ್ಲಿ ಅಲ್ಲಿನ ಒಂದು ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆ ಬಗ್ಗೆ ಪ್ರಬಂಧ ಓದಿದರು. ವೇತನ ಮುಗಿದು 1917ರಲ್ಲಿ ವಾಪಸ್ ಬಂದಾಗ ಬರೋಡದಲ್ಲಿ ತಲೆ ಇಡೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಿಂದ ಬಡಿಗೆ ಹಿಡಿದವರು ಹೊರಗೆ ಹಾಕಿದರು. ಈ ಕಥೆಯನ್ನ ಅವರು ಬರೆದಿಟ್ಟ ಪುಸ್ತಕದ ಹೆಸರು ಏನು ಗೊತ್ತಾ? ‘ವೇಟಿಂಗ್ ಫಾರ್ ಎ ವೀಸಾ’. ವೀಸಾಕ್ಕಾಗಿ ಕಾಯುತ್ತಾ! ಸ್ವಂತ ದೇಶದ ಒಳಗೇ ವೀಸಾಕ್ಕೆ ಕಾದ ಜನ ನಾವು. ಹೊರದೇಶದಲ್ಲಿ ಐದು ವರ್ಷ ಇದ್ದದ್ದರಿಂದ ತಾನು ಅಸ್ಪೃಶ್ಯ ಅನ್ನೋ ಅರಿವೇ ಮನಸ್ಸಿನಿಂದ ಅಳಿಸಿಹೋಗಿತ್ತು ಅಂತ ಅವರು ಅಲ್ಲಿ ಹೇಳ್ತಾರೆ.

ನಮಗೆ ಬೇಕಾದದ್ದು ಅದೇ. ಗೋಪುರ ನೋಡೋಕಲ್ಲ, ಫೋಟೋ ತೆಗೆಸಿಕೊಳ್ಳೋಕಲ್ಲ. ಇಪ್ಪತ್ತು ದಿನ ಯಾರೂ ‘ನೀವು ಯಾವ ಪೈಕಿ?’ ಅಂತ ಕೇಳದ ಒಂದು ಕೋಣೆಯಲ್ಲಿ ಕೂತು ಓದೋದು ಹೇಗಿರುತ್ತೆ ಅಂತ ಮೈಗೆ ಗೊತ್ತಾಗಬೇಕು. ಒಂದು ಸಲ ನೆಟ್ಟಗೆ ನಿಂತ ಬೆನ್ನು ಊರಿಗೆ ಬಂದ ಮೇಲೆ ಅಷ್ಟು ಸುಲಭಕ್ಕೆ ಬಗ್ಗೋದಿಲ್ಲ. ಉಳ್ಳವರಿಗೆ ಇದು ಗೊತ್ತು.

ಸರ್ಕಾರ ಏನೂ ಮಾಡಿಲ್ಲ ಅಂತ ನಾವು ಹೇಳೋದಿಲ್ಲ. 1954-55ರಿಂದ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ವರ್ಷಕ್ಕೆ 125 ಜನ. ಇಡೀ ದೇಶದ ಪರಿಶಿಷ್ಟ ಜಾತಿ, ಅಲೆಮಾರಿ, ಭೂಹೀನ ಕೂಲಿಕಾರರ ಮಕ್ಕಳಿಗೆಲ್ಲ ಸೇರಿ 125. ಅದೂ ಎಂ.ಎ., ಪಿಎಚ್.ಡಿ. ಮಾಡೋರಿಗೆ. ಬಿ.ಎ. ಓದೋ ಹುಡುಗಿ ಮೂರು ವಾರ ಹೋಗಿ ಬರ್ತೀನಿ ಅಂದರೆ ಅದರಲ್ಲಿ ಒಂದು ಪೈಸೆಗೂ ಜಾಗ ಇಲ್ಲ. ಕರ್ನಾಟಕದ ‘ಪ್ರಬುದ್ಧ’ ಯೋಜನೆಯೂ ಪದವಿಗೆ ಹೋಗೋರಿಗಾಗಿಯೇ ಇರೋದು. ಇರುವ 125ರ ಕಥೆಯನ್ನಾದರೂ ಕೇಳಿ. 2025ರ ಜುಲೈನಲ್ಲಿ ಆಯ್ಕೆಯಾದ 106 ಜನರಲ್ಲಿ ಮೊದಲು 40 ಜನಕ್ಕೆ ಮಾತ್ರ ಪತ್ರ ಕೊಟ್ಟು, ಉಳಿದ 66 ಜನಕ್ಕೆ ಹಣ ಬಂದರೆ ಕೊಡ್ತೀವಿ ಅಂದರು. ರಾಕೆಟ್ ಹಾರಿಸೋ ಸರ್ಕಾರಕ್ಕೆ 66 ಮಕ್ಕಳನ್ನ ವಿಮಾನ ಹತ್ತಿಸೋಕೆ ಹಣ ಇಲ್ಲ!

ಇನ್ನೊಂದು ಇದಕ್ಕಿಂತ ಖಾರವಾದದ್ದು. 2022ರಲ್ಲಿ ಈ ವಿದ್ಯಾರ್ಥಿವೇತನಕ್ಕೆ ಹೊಸ ಷರತ್ತು ಸೇರಿಸಿದರು: ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಭಾರತದ ಸಮಾಜದ ಅಧ್ಯಯನ – ಇವುಗಳ ಮೇಲೆ ಸಂಶೋಧನೆ ಮಾಡೋರಿಗೆ ಈ ಹಣ ಇಲ್ಲ. ಇಲ್ಲೇ ಬೇಕಾದಷ್ಟು ಗ್ರಂಥಾಲಯ ಇದೆಯಲ್ಲ ಅಂತ ಸಬೂಬು. ಈ ಷರತ್ತು 1916ರಲ್ಲಿ ಇದ್ದಿದ್ದರೆ? ಜಾತಿಯ ಹುಟ್ಟಿನ ಬಗ್ಗೆ ಬಾಬಾಸಾಹೇಬರು ಬರೆದ ಆ ಪ್ರಬಂಧಕ್ಕೆ ಹಣ ಸಿಗುತ್ತಿರಲಿಲ್ಲ. ಬರೋಡದ ರಾಜ ಹಾಕದ ಷರತ್ತನ್ನ ಪ್ರಜೆಗಳ ಸರ್ಕಾರ ಹಾಕಿದೆ. ಕಂಪ್ಯೂಟರ್ ಓದು, ಯಂತ್ರ ಓದು. ಆದರೆ ನಿನ್ನನ್ನ ತುಳಿದವರ ಬಗ್ಗೆ ಹೊರಗೆ ನಿಂತು ಓದಬೇಡ. ಇದು ಹಣ ಉಳಿಸೋ ಮಾತಲ್ಲ. ಬಾಯಿ ಕಟ್ಟೋ ಮಾತು.

ಕಾಲೇಜುಗಳ ನಡುವೆ ಇನ್ನೊಂದು ಗೋಡೆ ಇದೆ. 2022ರ ಯು.ಜಿ.ಸಿ. ನಿಯಮಗಳು ವಿದೇಶಿ ವಿಶ್ವವಿದ್ಯಾಲಯದ ಜೊತೆ ಸೇರಿ ಪದವಿ ಕೊಡೋಕೆ, ಓದಿನ ಒಂದು ಪಾಲನ್ನ ಅಲ್ಲಿ ಓದಿಸೋಕೆ ಅವಕಾಶ ಕೊಟ್ಟವು. ಯಾವ ಸಂಸ್ಥೆಗೆ? ನ್ಯಾಕ್‌ನಲ್ಲಿ 3.01 ಅಂಕ ಇರೋದಕ್ಕೆ, ಇಲ್ಲವೇ ದೇಶದ ಮೊದಲ ನೂರರ ಪಟ್ಟಿಯಲ್ಲಿರೋ ವಿಶ್ವವಿದ್ಯಾಲಯಕ್ಕೆ, ಇಲ್ಲವೇ ಶ್ರೇಷ್ಠ ಸಂಸ್ಥೆ ಅಂತ ಸರ್ಕಾರವೇ ಹಣೆಪಟ್ಟಿ ಕಟ್ಟಿದ್ದಕ್ಕೆ. ಅತಿಥಿ ಉಪನ್ಯಾಸಕರ ಮೇಲೆಯೇ ನಡೀತಿರೋ, ಕಕ್ಕಸಿಗೆ ನೀರಿಲ್ಲದ ನಮ್ಮ ತಾಲ್ಲೂಕಿನ ಸರ್ಕಾರಿ ಕಾಲೇಜಿಗೆ 3.01 ಎಲ್ಲಿಂದ ಬರಬೇಕು? ಕಾಲೇಜಿಗೂ ವರ್ಣ ಬಂತು ನೋಡಿ.

ಈಗ ಇನ್ನೊಂದು ಕಡೆಯ ದಾರಿ ನೋಡೋಣ. ಜನವರಿ ಬಂತು, ಜೂನ್ ಬಂತು ಅಂದರೆ ಹೊರದೇಶದ ಕಾಲೇಜು ಮಕ್ಕಳು ಇಲ್ಲಿಗೆ ಬರ್ತಾರೆ. ಎರಡು ವಾರ, ಮೂರು ವಾರ. ಬಡತನ ಒಂದು ಪಾಠ, ನೀರು ಒಂದು ಪಾಠ, ಜಾತಿ ಒಂದು ಪಾಠ. ಅವರನ್ನ ನಮ್ಮ ಕೇರಿಗೆ ಕರ್ಕೊಂಡು ಬರ್ತಾರೆ. ಅವ್ವಂದಿರನ್ನ ಜಗಲಿ ಮೇಲೆ ಕೂರಿಸಿ ಪ್ರಶ್ನೆ ಕೇಳ್ತಾರೆ. ನಾವು ಪಕ್ಕದಲ್ಲಿ ನಿಂತು ಅನುವಾದ ಮಾಡ್ತೀವಿ. ಅವರಿಗೆ ಅದಕ್ಕೆ ಅಂಕ ಸಿಗುತ್ತೆ. ನಮಗೆ ಒಂದು ಟೀ. ಆ ಹುಡುಗ ಹುಡುಗಿಯರ ಮೇಲೆ ನಮಗೆ ಸಿಟ್ಟಿಲ್ಲ. ಎಷ್ಟೋ ಜನ ನಮ್ಮ ಊರಿನ ಮೇಲ್ಜಾತಿ ಹುಡುಗರಿಗಿಂತ ಸಲೀಸಾಗಿ ನಮ್ಮ ಮನೆ ಒಳಗೆ ಬಂದು ಊಟ ಮಾಡಿದ್ದಾರೆ. ನಮ್ಮ ಸಿಟ್ಟು ಆ ದಾರಿಯ ಮೇಲೆ. ಅದು ಒಂದೇ ಕಡೆಗೆ ಹೋಗೋ ದಾರಿ. ಅವರು ಬಂದು ನಮ್ಮನ್ನ ಓದಬಹುದು. ನಾವು ಹೋಗಿ ಅವರನ್ನ ಓದಬಾರದು. ನಾವು ಪಠ್ಯ ಆಗಬಹುದು, ವಿದ್ಯಾರ್ಥಿ ಆಗಬಾರದು. ಅವರ ನಗರದ ರಸ್ತೆ ಗುಡಿಸೋರು ಯಾರು, ಅವರ ಜೈಲಿನಲ್ಲಿ ಇರೋರು ಯಾರು, ಅವರಲ್ಲಿ ಭೂಮಿ ಯಾರ ಕೈಯಲ್ಲಿದೆ – ಈ ಪ್ರಶ್ನೆಗಳನ್ನ ಅವರ ಜಗಲಿ ಮೇಲೆ ಕೂತು ಕೇಳೋಕೆ ನಮಗೂ ಬರುತ್ತೆ.

ನಮ್ಮೊಳಗಿನ ಕೆಲವು ಗೆಳೆಯರು ಹೇಳ್ತಾರೆ: ‘ಮೊದಲು ಭೂಮಿ, ಮೊದಲು ಸ್ಮಶಾನ, ಮೊದಲು ಕುಡಿಯೋ ನೀರು, ಆಮೇಲೆ ವಿಮಾನ. ಇದು ಮಧ್ಯಮ ವರ್ಗದ ಆಸೆ.’ ಅಣ್ಣಂದಿರೆ, ನಿಮ್ಮ ಮಾತಿಗೆ ಗೌರವ ಇದೆ. ಆದರೆ ಭೂಮಿ ಇಲ್ಲದ್ದಕ್ಕೇ ವೀಸಾ ಇಲ್ಲ ಅಂತ ಬಂದ ಕಾಗದ ನಿಮ್ಮ ಮುಂದಿದೆ. ಇವೆರಡೂ ಬೇರೆ ಬೇರೆ ಹೋರಾಟ ಅಲ್ಲ. 1973ರ ಬೂಸಾ ಗಲಾಟೆಯಲ್ಲಿ ಬಸವಲಿಂಗಪ್ಪನವರ ಪರ ನಿಂತು ನಮ್ಮ ಅಣ್ಣಂದಿರು ಏಟು ತಿಂದರು. ಯಾವ ಭಾಷೆ ಓದಬೇಕು, ಯಾವ ಪುಸ್ತಕ ಓದಬೇಕು ಅನ್ನೋದನ್ನ ನಾವೇ ತೀರ್ಮಾನ ಮಾಡ್ತೀವಿ ಅಂತ ಅವತ್ತು ಹೇಳಿದೆವು. ಎಲ್ಲಿ ಕೂತು ಓದಬೇಕು ಅನ್ನೋದೂ ಅದೇ ಮಾತು. ಜ್ಯೋತಿಬಾ ಫುಲೆ 1873ರಲ್ಲಿ ‘ಗುಲಾಮಗಿರಿ’ ಪುಸ್ತಕವನ್ನ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. ಬಾಬಾಸಾಹೇಬರು 1946ರಲ್ಲಿ ಕಪ್ಪು ಜನರ ನಾಯಕ ಡುಬಾಯ್ಸ್ ಅವರಿಗೆ ಪತ್ರ ಬರೆದರು. 1972ರಲ್ಲಿ ಮುಂಬಯಿಯ ಹುಡುಗರು ಕಪ್ಪು ಚಿರತೆಗಳ ಹೆಸರು ನೋಡಿ ದಲಿತ ಪ್ಯಾಂಥರ್ಸ್ ಕಟ್ಟಿದರು. ನಮ್ಮ ಚಳವಳಿ ಯಾವತ್ತೂ ಕಿಟಕಿ ಮುಚ್ಚಿಕೊಂಡು ಕೂತಿಲ್ಲ.

ಅಲ್ಲಿಗೆ ಹೋದರೆ ಜಾತಿ ಇರೋದಿಲ್ಲ ಅಂತಲೂ ನಾವು ನಂಬಿಲ್ಲ. ಬಾಬಾಸಾಹೇಬರು ಹೋದಾಗ ಇಲ್ಲಿನ ಮೇಲ್ಜಾತಿ ಅಲ್ಲಿಗೆ ಇನ್ನೂ ದಂಡುಗಟ್ಟಿ ಹೋಗಿರಲಿಲ್ಲ. ಈಗ ಹೋಗಿದೆ, ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಜೊತೆ ಜಾತಿಯನ್ನೂ ಕಟ್ಟಿಕೊಂಡು ಹೋಗಿದೆ. 2019ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ ಜಾತಿ ತಾರತಮ್ಯವನ್ನ ನಿಷೇಧಿಸಿತು. 2022ರಲ್ಲಿ ಕ್ಯಾಲಿಫೋರ್ನಿಯ ಸ್ಟೇಟ್ ವಿಶ್ವವಿದ್ಯಾಲಯ, 2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ. ಅದೇ ವರ್ಷ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯದ ಮಸೂದೆಗೆ ಅಲ್ಲಿನ ಗವರ್ನರ್ ಸಹಿ ಹಾಕದೆ ತಡೆದರು. ಇಷ್ಟಾದರೂ ಆದದ್ದು ಹೇಗೆ? ನಮ್ಮವರು ಅಲ್ಲಿ ಇದ್ದದ್ದರಿಂದ. ಎದ್ದು ನಿಂತು ಸಾಕ್ಷಿ ಹೇಳಿದ್ದರಿಂದ. ನಾವು ಹೋಗದಿದ್ದರೆ ಭಾರತ ಅಂದರೆ ಯೋಗ, ತಾಳ್ಮೆ, ತತ್ವಜ್ಞಾನ ಅಂತ ಅವರು ಹೇಳಿದ್ದೇ ಅಲ್ಲಿ ಪಾಠ ಆಗುತ್ತೆ.

ಬಡವರ ಮಕ್ಕಳನ್ನ ಸ್ವಲ್ಪ ಕಾಲಕ್ಕೆ ಹೊರಗೆ ಕಳಿಸೋದು ಆಗದ ಕೆಲಸ ಅಂತ ಹೇಳಬೇಡಿ. 1923ರಲ್ಲಿ ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಿಂದ ಎಂಟೇ ಎಂಟು ವಿದ್ಯಾರ್ಥಿಗಳು ಫ್ರಾನ್ಸಿಗೆ ಓದೋಕೆ ಹೋದರು. ಅಲ್ಲಿಂದ ಶುರುವಾದ ಪದ್ಧತಿ ಇದು. ಯೂರೋಪು 1987ರಲ್ಲಿ ಎರಾಸ್ಮಸ್ ಯೋಜನೆ ತಂದು ಸರ್ಕಾರಿ ಹಣದಲ್ಲೇ ತನ್ನ ಮಕ್ಕಳನ್ನ ದೇಶದಿಂದ ದೇಶಕ್ಕೆ ಓಡಾಡಿಸಿತು. ಬಂಡವಾಳಶಾಹಿಯ ದೊಡ್ಡಣ್ಣ ಅಮೆರಿಕವೇ 2000ದಲ್ಲಿ ಕಾನೂನು ಮಾಡಿ ಗಿಲ್ಮನ್ ವಿದ್ಯಾರ್ಥಿವೇತನ ತಂದಿತು: ಫೀಸಿಗೆ ಸರ್ಕಾರದ ನೆರವು ಪಡೆಯೋ ಬಡ ವಿದ್ಯಾರ್ಥಿಗಳಿಗೆ ಮಾತ್ರ, ಮೂರು ವಾರಕ್ಕೆ ಹೋಗೋರಿಗೂ ಸಿಗುವಂತೆ. ಪಕ್ಕದ ತಮಿಳುನಾಡು 2024ರಲ್ಲಿ ‘ನಾನ್ ಮುದಲ್ವನ್’ ಯೋಜನೆಯಲ್ಲಿ ತನ್ನ ವಿದ್ಯಾರ್ಥಿಗಳ ಒಂದು ತಂಡವನ್ನ ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯಕ್ಕೆ ಕಳಿಸಿತು. ದಾರಿ ಇದೆ. ಮನಸ್ಸು ಇಲ್ಲ.

ಆದ್ದರಿಂದ ನಾವು ಕೇಳ್ತೀವಿ. ಬೇಡ್ತಾ ಇಲ್ಲ, ಕೇಳ್ತಾ ಇದ್ದೀವಿ.

ಒಂದು: ಸರ್ಕಾರಿ ಪದವಿ ಕಾಲೇಜುಗಳ ದಲಿತ, ಆದಿವಾಸಿ, ಅಲೆಮಾರಿ, ಹಿಂದುಳಿದ ಮನೆಗಳ ಮೊದಲ ತಲೆಮಾರಿನ ವಿದ್ಯಾರ್ಥಿಗಳಿಗೆ ಅಲ್ಪಾವಧಿ ವಿದೇಶಿ ಓದಿಗಾಗಿಯೇ ಬಜೆಟ್ಟಿನಲ್ಲಿ ಪ್ರತ್ಯೇಕ ಹಣ ಇಡಬೇಕು. ಟಿಕೆಟ್ಟು, ವೀಸಾ, ವಿಮೆ, ಊಟ ಎಲ್ಲಾ ಮೊದಲೇ ಕೊಡಬೇಕು. ‘ನೀವು ಖರ್ಚು ಮಾಡಿ, ರಸೀದಿ ತನ್ನಿ, ಆಮೇಲೆ ಕೊಡ್ತೀವಿ’ ಅನ್ನೋದು ಇದ್ದವರಿಗೆ ಮಾತ್ರ ಆಗೋ ಮಾತು.

ಎರಡು: ಅಪ್ಪನ ಬ್ಯಾಂಕ್ ಲೆಕ್ಕದ ಜಾಗದಲ್ಲಿ ಸರ್ಕಾರದ ಜಾಮೀನು ಪತ್ರ ಬರಬೇಕು. ಈ ಹುಡುಗಿಯ ಖರ್ಚು ನಮ್ಮದು, ಇವಳು ವಾಪಸ್ ಬರ್ತಾಳೆ ಅಂತ ರಾಜ್ಯ ಸರ್ಕಾರ ಬರೆದುಕೊಡಬೇಕು. ಉದ್ಯಮಿಗಳಿಗೆ ಸಾಲದ ಜಾಮೀನು ಕೊಡೋ ಸರ್ಕಾರ ನಮ್ಮ ಮಾನದ ಜಾಮೀನು ಕೊಡಲಿ.

ಮೂರು: ಪ್ರತಿ ಹಾಸ್ಟೆಲಿನಲ್ಲಿ ವರ್ಷಕ್ಕೊಮ್ಮೆ ಪಾಸ್‌ಪೋರ್ಟ್ ಶಿಬಿರ ನಡೆಯಬೇಕು. ಇಂಗ್ಲಿಷ್ ಪರೀಕ್ಷೆಯ ತಯಾರಿಯೂ ಶುಲ್ಕವೂ ಇಲಾಖೆಯದೇ ಆಗಬೇಕು.

ನಾಲ್ಕು: 2022ರ ಆ ಬಾಯಿ ಕಟ್ಟೋ ಷರತ್ತನ್ನ ಕಿತ್ತು ಹಾಕಬೇಕು.

ಐದು: ಹೊರದೇಶದ ವಿದ್ಯಾರ್ಥಿಗಳನ್ನ ಕೇರಿಗೆ ಕರ್ಕೊಂಡು ಬರೋ ಯಾವುದೇ ಕಾಲೇಜು, ಅಷ್ಟೇ ಸಂಖ್ಯೆಯ ನಮ್ಮ ವಿದ್ಯಾರ್ಥಿಗಳನ್ನ ಅಲ್ಲಿಗೆ ಕಳಿಸಬೇಕು. ಬಂದವರು ಯಾರ ಮನೆ ಮುಂದೆ ಕೂರಬೇಕು, ಏನು ಕೇಳಬೇಕು ಅನ್ನೋದನ್ನ ಕೇರಿಯೇ ತೀರ್ಮಾನ ಮಾಡಬೇಕು.

ಹೋಗಿ ಬಂದವರ ಮೇಲೆ ನಮ್ಮದೂ ಒಂದು ಷರತ್ತು ಇದೆ. ಅಲ್ಲಿ ಕಂಡದ್ದನ್ನ ಕನ್ನಡದಲ್ಲಿ ಬರೆಯಬೇಕು, ತಮ್ಮ ಊರಿನ ಶಾಲೆಯಲ್ಲಿ ಮಕ್ಕಳ ಮುಂದೆ ನಿಂತು ಹೇಳಬೇಕು. ಹಳ್ಳಿಯ ಮೇಷ್ಟ್ರುಗಳೆ, ಆ ದಿನ ನಿಮ್ಮ ತರಗತಿಯ ಬಾಗಿಲು ತೆಗೆದಿಡಿ. ಒಬ್ಬಳು ಹೋಗಿ ಬಂದದ್ದು ನಲವತ್ತು ಮಕ್ಕಳು ಹೋಗಿ ಬಂದ ಹಾಗೆ ಆಗಬೇಕು. ವಿದ್ಯಾರ್ಥಿ ಗೆಳೆಯರೆ, ಈ ಐದು ಬೇಡಿಕೆಗಳನ್ನ ನಿಮ್ಮ ಕಾಲೇಜಿನ ಗೋಡೆಗೆ ಅಂಟಿಸಿ. ಶಾಸಕರು ಬಂದರೆ ಕೈಗೆ ಕೊಡಿ. ತಗೊಳ್ಳದಿದ್ದರೆ ಓದಿ ಹೇಳಿ.

ಕೊನೆಗೊಂದು ಮಾತು. ನಮ್ಮ ತಾತಂದಿರನ್ನ ಕೂಲಿಗೆ ಅಂತ ಹಡಗು ಹತ್ತಿಸಿದಾಗ ಯಾರೂ ಬ್ಯಾಂಕ್ ಲೆಕ್ಕ ಕೇಳಲಿಲ್ಲ. ಊರಿನಲ್ಲಿ ಆಸ್ತಿ ಇದೆಯಾ ಅಂತ ಕೇಳಲಿಲ್ಲ. ವಾಪಸ್ ಬರ್ತೀಯಾ ಅಂತಲೂ ಕೇಳಲಿಲ್ಲ. ಗುದ್ದಲಿ ಹಿಡಿದ ಕೈಗೆ ತೆರೆದ ಬಾಗಿಲು ಪುಸ್ತಕ ಹಿಡಿದ ಕೈಗೆ ಮುಚ್ಚಿಕೊಂಡಿದೆ. ಆ ಬಾಗಿಲನ್ನ ಇಲ್ಲಿಂದಲೂ ಒದೆಯಬೇಕು, ಅಲ್ಲಿಂದಲೂ ಒದೆಯಬೇಕು. ನಾವು ಹೊರಟಿದ್ದೀವಿ.